ಹಸ್ತಾ ಮಳೆಯಿಂದ ಎಳ್ಳ ಅಮಾವಾಸ್ಯೆವರೆಗೆ: ಮನೆಮಂದಿ ಸೇರಿ ಮಾಡುವ ಹಿತ್ತಲ ಕೆಲಸ

ಉತ್ತರಿ ಮಳೆ ಮುಗಿದು ಹಸ್ತಾ ಶುರುವಾಗುವುದು ಸೆಪ್ಟೆಂಬರ್ 27ರ ಸುಮಾರಿಗೆ. ಅಲ್ಲಿಂದ ದೀಪಾವಳಿ ದಾಟುವವರೆಗಿನ ದಿನಗಳೇ ಕಲಬುರಗಿ, ಬೀದರ್, ಯಾದಗಿರಿ ಕಡೆ ವರ್ಷದಲ್ಲೇ ಚಲೋ ದಿನಗಳು. ಇದು ನನ್ನ ಗಟ್ಟಿ ನಂಬಿಕೆ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರು ಅಕ್ಟೋಬರ್‌ನಲ್ಲಿ 32ರ ಆಸುಪಾಸಿಗೆ ಇಳಿದಿರುತ್ತದೆ. ಬೆಳಗಿನ ಜಾವ ಚಾದರ ಎಳೆದುಕೊಳ್ಳಬೇಕು ಅನಿಸುತ್ತದೆ. ಸಂಜೆ ಮಾಳಿಗೆ ಮೇಲೆ ಚಾಪೆ ಹಾಸಿದರೆ ನೆಲ ಸುಡುವುದಿಲ್ಲ. ಮಣ್ಣಲ್ಲಿ ಹಸಿ ಇರುತ್ತದೆ, ಬಿತ್ತಿದ್ದು ಏಳುತ್ತದೆ.

ಈ ದಿನಗಳನ್ನು ಟಿವಿ ಮುಂದೆ, ಮೊಬೈಲ್ ಮುಂದೆ ಕಳೆಯಬೇಡಿ. ನಾಲ್ಕು ಕುಂಡ ಇಡುವಷ್ಟು ಜಾಗ ಇದ್ದರೂ ಸಾಕು. ಮನೆಯಲ್ಲಿ ಆಯಿ, ಮುತ್ಯಾ, ಮಕ್ಕಳು ಎಲ್ಲರಿಗೂ ಒಂದೊಂದು ಕೆಲಸ ಸಿಗುತ್ತದೆ. ಗುರಿಯಾಗಿ ಒಂದನ್ನು ಇಟ್ಟುಕೊಳ್ಳಿ: ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಒಯ್ದು ಉಣ್ಣುವ ಭಜ್ಜಿಗೆ, ಅಂದರೆ ಕಾಳು, ಕಾಯಿಪಲ್ಯ, ಸೊಪ್ಪು ಕೂಡಿಸಿ ಬೇಯಿಸಿದ ಪಲ್ಯಕ್ಕೆ, ನಮ್ಮದೇ ಹಿತ್ತಲಿನ ಸೊಪ್ಪು ಬೀಳಬೇಕು. ಆ ಅಮಾವಾಸ್ಯೆ ಹೆಚ್ಚಾಗಿ ಡಿಸೆಂಬರ್‌ನಲ್ಲಿ ಬರುತ್ತದೆ, ಕೆಲವು ವರ್ಷ ಜನವರಿ ಶುರುವಿನಲ್ಲಿ. ಈಗ ಶುರು ಮಾಡಿದರೆ ಕೈಯಲ್ಲಿ ಬೇಕಾದಷ್ಟು ಸಮಯ ಇದೆ.

ಮೊದಲು ಮಣ್ಣಿನ ಹದ ನೋಡಿ

ನಮ್ಮಲ್ಲಿ ಜನ ಎಡವುವುದು ಇಲ್ಲೇ. ಮಳೆ ನಿಂತ ಮರುದಿನ ಬಿಸಿಲು ಬಿತ್ತು ಅಂತ ಗುದ್ದಲಿ ಹಿಡಿದು ಹೊರಗೆ ಬರುತ್ತಾರೆ. ಎರೆ ಮಣ್ಣಿನಲ್ಲಿ ಇದು ನಡೆಯುವುದಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಸಿ ಇರುವಾಗ ತುಳಿದರೆ ಒಳಗಿನ ಗಾಳಿಯೆಲ್ಲ ಹೋಗಿ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಆಮೇಲೆ ಅಲ್ಲಿ ಮೆಂತ್ಯದ ಬೇರು ಕೂಡ ಇಳಿಯುವುದಿಲ್ಲ.

ಪರೀಕ್ಷೆ ಸುಲಭ. ಮೇಲಿನ ಪದರ ಸರಿಸಿ, ಮೂರ್ನಾಲ್ಕು ಇಂಚು ಕೆಳಗಿನ ಮಣ್ಣನ್ನು ಒಂದು ಹಿಡಿ ತಗೊಳ್ಳಿ. ಮುಷ್ಟಿ ಬಿಗಿಯಾಗಿ ಅದುಮಿ. ಬೆರಳ ಸಂದಿಯಿಂದ ಮಣ್ಣು ಜಾರಿ ಹೊರಗೆ ಬಂತು, ಅಂಗೈಗೆ ಮೆತ್ತಿಕೊಂಡಿತು ಅಂದರೆ ಇನ್ನೂ ಕಾಯಬೇಕು. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಪುಡಿಪುಡಿಯಾಗಿ ಒಡೆದರೆ ಹದ ಬಂದಿದೆ. ಉಂಡೆಯೇ ಕಟ್ಟದಿದ್ದರೆ ಹದ ತಪ್ಪಿದೆ. ಸಂಜೆ ನೀರು ಬಿಟ್ಟು ಒಂದೆರಡು ದಿನ ಬಿಟ್ಟು ನೋಡಿ. ದೊಡ್ಡ ಮಳೆ ಆದ ಮೇಲೆ ಎರೆ ಮಣ್ಣು ಹದಕ್ಕೆ ಬರಲು ಮೂರರಿಂದ ಐದು ದಿನ ಬೇಕಾಗಬಹುದು. ಮನೆಯಲ್ಲಿ ಹೊಲ ಮಾಡಿದ ಹಿರಿಯರಿದ್ದರೆ ಈ ಕೆಲಸ ಅವರಿಗೇ ಕೊಡಿ. ಮಣ್ಣು ಮುಟ್ಟಿ ನೋಡಿ, ‘ಇನ್ನಾ ಹಸಿ ಅದ, ಎರಡ್ ದಿನ ತಡೀರಿ’ ಅಂದರೆ ತಡೆಯಿರಿ. ಅವರ ಕೈಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿರುವುದಿಲ್ಲ.

ಬೀದರ್ ಪಟ್ಟಣದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದ ಕಥೆ ಬೇರೆ. ಅಲ್ಲಿ ನೀರು ಬೇಗ ಇಂಗುತ್ತದೆ. ಮಳೆ ಬಂದ ಮರುದಿನವೇ ಕೆಲಸ ಮಾಡಬಹುದು. ಆದರೆ ಆ ಮಣ್ಣು ಹಸಿ ಹಿಡಿದಿಡುವುದಿಲ್ಲ, ಹಾಗಾಗಿ ತಿಪ್ಪೆ ಗೊಬ್ಬರ ಜಾಸ್ತಿ ಬೇಕು. ಯಾದಗಿರಿ ಕಡೆಯ ಮಸಾರಿ ಮಣ್ಣಿಗೂ ಇದೇ ಮಾತು.

ಕುಂಡಕ್ಕೆ ಬರೀ ಎರೆ ಮಣ್ಣು ತುಂಬಬೇಡಿ. ಒಂದು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಗೊಬ್ಬರಕ್ಕೆ ಸಗಣಿ ವಾಸನೆ ಇನ್ನೂ ಇದ್ದರೆ ಅದು ಕಳಿತಿಲ್ಲ. ಮಣ್ಣಿನ ವಾಸನೆ ಬರಬೇಕು.

ಹಿತ್ತಲು ಚೊಕ್ಕ ಮಾಡಿ, ನಿಂತ ನೀರು ಚೆಲ್ಲಿ

ಮಳೆಗಾಲದ ಸದೆ ಈ ಹೊತ್ತಿಗೆ ಮೊಣಕಾಲುದ್ದ ಬೆಳೆದಿರುತ್ತದೆ. ಒಳಗೆ ಹಾವು, ಚೇಳು ಇರಬಹುದು. ಮೊದಲು ಉದ್ದದ ಕೋಲಿನಿಂದ ಬಡಿದು ಸದ್ದು ಮಾಡಿ, ಆಮೇಲೆ ಕೈ ಹಾಕಿ. ಕಾಲಿಗೆ ಬೂಟು ಇರಲಿ. ಮಕ್ಕಳನ್ನು ಈ ಕೆಲಸಕ್ಕೆ ಕರೆಯಬೇಡಿ. ಬೀಜ ಕಟ್ಟುವ ಮುನ್ನ ಸದೆ ಕಿತ್ತರೆ ಮುಂದಿನ ವರ್ಷದ ಕಷ್ಟ ಅರ್ಧ ಕಡಿಮೆ.

ಡೆಂಗಿ ಹೆಚ್ಚಾಗುವ ದಿನಗಳೂ ಇವೇ. ಅದನ್ನು ಹರಡುವ ಸೊಳ್ಳೆ ಮೊಟ್ಟೆಯಿಂದ ದೊಡ್ಡದಾಗಲು ಸುಮಾರು ಎಂಟು ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಂದು ಸಲ, ರವಿವಾರ ಅಂತಲೇ ಇಟ್ಟುಕೊಳ್ಳಿ, ಕುಂಡದ ಕೆಳಗಿನ ತಟ್ಟೆ, ಹಳೇ ಟೈರು, ಕೂಲರ್ ತಳ, ಹಕ್ಕಿಗೆ ಇಟ್ಟ ಬೋಗುಣಿ ಎಲ್ಲದರ ನೀರು ಚೆಲ್ಲಿ ಉಜ್ಜಿ ತೊಳೆಯಿರಿ. ಕೂಲರ್ ಅಂತೂ ಈಗ ಒಣಗಿಸಿ ಒಳಗೆ ಇಡುವ ಹೊತ್ತು.

ಯಾರು ಏನು ಬಿತ್ತುವುದು

ಮೆಂತ್ಯ ಮಕ್ಕಳಿಗೆ ಕೊಡಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತಿದರೆ ಮೂರ್ನಾಲ್ಕು ದಿನಕ್ಕೆ ಮೊಳಕೆ ಕಾಣಿಸುತ್ತದೆ. ಕಾಯುವ ತಾಳ್ಮೆ ಇಲ್ಲದ ಮಕ್ಕಳಿಗೆ ಇದಕ್ಕಿಂತ ಚಲೋ ಬೆಳೆ ಇಲ್ಲ. 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ನಮ್ಮ ಕಡೆ ಎಳೆ ಮೆಂತ್ಯವನ್ನು ಹಸಿಯಾಗೇ, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಜೊತೆ ರೊಟ್ಟಿಗೆ ಹಚ್ಚಿಕೊಳ್ಳುತ್ತೇವಲ್ಲ, ಅದಕ್ಕೆ ಇನ್ನೂ ಮೊದಲೇ, ನಾಲ್ಕೈದು ಎಲೆ ಬಂದಾಗ ಕಿತ್ತರೆ ರುಚಿ.

ಕೊತ್ತಂಬರಿ ಏಳುವುದಿಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಕಾರಣ ಇಷ್ಟೇ: ನಾವು ಕಾಳು ಅನ್ನುವುದರೊಳಗೆ ಎರಡು ಬೀಜ ಇರುತ್ತವೆ. ಇಡೀ ಕಾಳು ಬಿತ್ತಿದರೆ ನಿಧಾನ. ಗೋಣಿ ಚೀಲದ ಮೇಲೆ ಹರವಿ, ಚಪ್ಪಲಿಯ ಅಡಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಬೇಳೆ ಮಾಡಿ. ರಾತ್ರಿಯಿಡೀ ನೆನೆಸಿ ಬಿತ್ತಿ. ಎಂಟು ಹತ್ತು ದಿನದಲ್ಲಿ ಏಳುತ್ತದೆ. ಅಲ್ಲಿವರೆಗೆ ಮೇಲ್ಮಣ್ಣು ಒಣಗಬಾರದು. ಒಡೆಯುವ ಕೆಲಸ ಮುತ್ಯಾನಿಗೋ ಆಯಿಗೋ ಚಲೋ, ಕೂತಲ್ಲೇ ಆಗುತ್ತದೆ.

ಪಾಲಕ್, ರಾಜಗಿರಿ, ಮೂಲಂಗಿ ಈಗಲೇ ಹಾಕಿ. ರಾಜಗಿರಿ ಬೀಜ ತೀರಾ ಸಣ್ಣದು; ಮರಳಿನ ಜೊತೆ ಕಲಸಿ ಉದುರಿಸಿ, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಮನೆಯಲ್ಲಿ ಮೊಳೆತ ಉಳ್ಳಾಗಡ್ಡಿ ಇದ್ದರೆ ಬಿಸಾಡಬೇಡಿ, ಮಣ್ಣಲ್ಲಿ ಊರಿ. ತಿಂಗಳೊಳಗೆ ತಪ್ಪಲು ಬರುತ್ತದೆ. ಬೆಳ್ಳುಳ್ಳಿಗೂ ಅಕ್ಟೋಬರ್ ಸರಿಯಾದ ತಿಂಗಳು, ಆದರೆ ಗಡ್ಡೆ ಆಗಲು ನಾಲ್ಕು ತಿಂಗಳ ಹತ್ತಿರ ಬೇಕು.

ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ಮೆಂತ್ಯವನ್ನು ಹತ್ತು ದಿನಕ್ಕೊಮ್ಮೆ ಒಂದೊಂದು ಗೇಣು ಜಾಗದಲ್ಲಿ ಹಾಕುತ್ತಾ ಹೋಗಿ. ಒಟ್ಟಿಗೆ ಬಿತ್ತಿದರೆ ಒಂದು ವಾರ ಮನೆ ತುಂಬಾ ಮೆಂತ್ಯ, ಆಮೇಲೆ ಸಂತೆಗೆ ಓಡಬೇಕು.

ಒಂದು ಎಚ್ಚರಿಕೆ. ಅಂಗಡಿಯ ಪೊಟ್ಟಣದಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣ ಬಳಿದ ಬೀಜ ಬಂದರೆ ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಮೆಂತ್ಯ, ಕೊತ್ತಂಬರಿಗೆ ಅಡುಗೆ ಮನೆಯ ಡಬ್ಬಿಯೇ ಸಾಕು, ಕಾಳು ಹಳೇದಾಗಿರಬಾರದು ಅಷ್ಟೇ.

ಒಂದು ಟಬ್ ಕಡ್ಲಿಗೆ ಬಿಡಿ

ಇದು ನನಗೆ ಬಹಳ ಇಷ್ಟದ ಕೆಲಸ. ಹೊಲದಲ್ಲಿ ಕಡ್ಲಿ ಬಿತ್ತುವ ಹೊತ್ತಿಗೇ, ಅಂದರೆ ಅಕ್ಟೋಬರ್‌ನಲ್ಲಿ, ಮನೆಯಲ್ಲೂ ಒಂದು ಟಬ್‌ನಲ್ಲಿ ಬಿತ್ತಿ. ಒಂದಡಿ ಆಳ ಇರಲಿ, ತಳಕ್ಕೆ ತೂತು ಇರಲಿ. ಹುರಿಯದ ದೇಸಿ ಕಡ್ಲಿ ಕಾಳನ್ನು ಎರಡು ಇಂಚು ಆಳಕ್ಕೆ, ಗೇಣಿಗೆ ಎರಡರಂತೆ ಊರಿ. ಒಮ್ಮೆ ನೀರು ಕೊಟ್ಟು ಬಿಟ್ಟುಬಿಡಿ. ಮಣ್ಣಿನ ಹಸಿಯ ಮೇಲೆ, ಬೀಳುವ ಇಬ್ಬನಿಯ ಮೇಲೆ ಬದುಕುವ ಬೆಳೆ ಇದು. ದಿನಾ ನೀರು ಹಾಕಿದರೆ ಬುಡ ಕೊಳೆತು ಸಾಯುತ್ತದೆ. ಬೆರಳು ಊರಿ ನೋಡಿ, ಎರಡು ಗೆಣ್ಣು ಆಳದವರೆಗೆ ಒಣಗಿದ್ದರೆ ಮಾತ್ರ ನೀರು.

ತಿಂಗಳು ದಾಟಿದಾಗ, 30ರಿಂದ 35 ದಿನಕ್ಕೆ, ಕುಡಿ ಚಿವುಟಬೇಕು. ಮನೆಮಂದಿಯೆಲ್ಲ ಸುತ್ತ ಕೂತು ಮಾಡುವ ಕೆಲಸ ಇದು. ಗಿಡದ ತುದಿಯ ಒಂದೆರಡು ಇಂಚು ಉಗುರಿನಿಂದ ಚಿವುಟಿ. ಗಿಡಕ್ಕೆ ನೋವಾಗುತ್ತದೆ ಅಂತ ಮಕ್ಕಳು ಕೇಳಿದರೆ ಒಂದು ವಾರ ಬಿಟ್ಟು ಅದೇ ಗಿಡ ತೋರಿಸಿ. ಚಿವುಟಿದ ಜಾಗದ ಕೆಳಗೆ ಪಕ್ಕದಿಂದ ನಾಲ್ಕಾರು ಹೊಸ ಕವಲು ಒಡೆದಿರುತ್ತವೆ. ಕವಲು ಜಾಸ್ತಿ ಆದಷ್ಟೂ ಕಾಯಿ ಜಾಸ್ತಿ.

ಚಿವುಟುವ ಮುನ್ನ, ಬೆಳಿಗ್ಗೆ ಬಿಸಿಲೇರುವ ಮೊದಲು, ಎಲೆಯನ್ನು ಹತ್ತಿರದಿಂದ ನೋಡಿ. ಎಲೆ ತುಂಬಾ ಸಣ್ಣ ಸಣ್ಣ ರೋಮ. ಒಂದೊಂದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿ ಹೊಳೆಯುತ್ತಿರುತ್ತದೆ. ಬೆರಳು ಸವರಿ ನಾಲಿಗೆಗೆ ಹಚ್ಚಿಕೊಳ್ಳಿ. ಹುಳಿ! ಗಿಡ ತಾನೇ ಹೊರಬಿಡುವ ಹುಳಿ ಅದು. ಹಿಂದೆ ಹೊಲದಲ್ಲಿ ರಾತ್ರಿ ತೆಳು ಬಿಳಿ ಬಟ್ಟೆಯನ್ನು ಕಡ್ಲಿ ಗಿಡದ ಮೇಲೆ ಹಾಸಿ, ಇಬ್ಬನಿಯಲ್ಲಿ ತೊಯ್ದ ಬಟ್ಟೆಯನ್ನು ಬೆಳಿಗ್ಗೆ ಹಿಂಡಿ ಕಡ್ಲಿ ಹುಳಿ ಕೂಡಿಡುತ್ತಿದ್ದರು. ಔಷಧಿ ಹೊಡೆದ ಹೊಲದ ಗಿಡವನ್ನು ಹೀಗೆ ನೆಕ್ಕಬೇಡಿ. ಮನೆಯ ಟಬ್‌ನ ಸುಖವೇ ಅದು.

ಚಿವುಟಿದ ಕುಡಿಯನ್ನು ಪಲ್ಯ ಮಾಡಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಸಾಕು, ಹುಳಿ ಬೇರೆ ಹಾಕಬೇಕಿಲ್ಲ.

ನವರಾತ್ರಿ: ಘಟ್ಟ, ಬನ್ನಿ, ಸೇವಂತಿಗೆ

ಘಟ್ಟ ಹಾಕುವ, ಅಂದರೆ ನವರಾತ್ರಿಗೆ ದೇವರ ಮುಂದೆ ಮಣ್ಣಲ್ಲಿ ಕಾಳು ಮೊಳೆಸುವ ಪದ್ಧತಿ ಇರುವ ಮನೆಗಳಲ್ಲಿ ಮಣ್ಣು ಜರಡಿ ಹಿಡಿಯುವುದರಿಂದ ಹಿಡಿದು ಎಲ್ಲಾ ಕೆಲಸಕ್ಕೂ ಮಕ್ಕಳನ್ನು ಸೇರಿಸಿಕೊಳ್ಳಿ. ಪತ್ರಾವಳಿ ಮೇಲೆ ಎರಡು ಇಂಚು ಮಣ್ಣು, ಅದರ ಮೇಲೆ ಗೋಧಿ, ಜೋಳ ಮತ್ತು ನಿಮ್ಮ ಮನೆಯ ಪದ್ಧತಿಯ ಕಾಳು, ಮತ್ತೆ ತೆಳುವಾಗಿ ಮಣ್ಣು. ನೀರು ಸುರಿಯಬೇಡಿ, ಕೈಯಿಂದ ಚಿಮುಕಿಸಿ. ನೀರು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಮೂರನೇ ದಿನಕ್ಕೆ ಗೋಧಿ ಮೊಳಕೆ ಕಾಣುತ್ತದೆ, ಒಂಬತ್ತನೇ ದಿನಕ್ಕೆ ಗೇಣುದ್ದದ ಹತ್ತಿರ ಬರುತ್ತದೆ. ದೇವರ ಕೋಣೆಯ ಕತ್ತಲಲ್ಲಿ ಬೆಳೆದ ಸಸಿ ಹಳದಿ, ಅಂಗಳದಲ್ಲಿ ಬೆಳೆದದ್ದು ಹಸಿರು. ಯಾಕೆ ಹೀಗೆ ಅಂತ ಮಕ್ಕಳು ಕೇಳಿದರೆ, ಎಲೆಗೆ ಹಸಿರು ಬರಲು ಬೆಳಕು ಬೇಕು ಅನ್ನುವುದನ್ನು ಶಾಲೆಗಿಂತ ಮೊದಲು ಮನೆಯಲ್ಲೇ ಕಲಿತಂತಾಯಿತು. ಯಾವ ಕಾಳು ಜೋರಾಗಿ ಎದ್ದಿದೆ ಅಂತ ನೋಡಿ ಹಿಂಗಾರಿ ಬಿತ್ತನೆ ಮಾತಾಡುವ ಹಿರಿಯರು ಇನ್ನೂ ಇದ್ದಾರೆ. ಹತ್ತಿರ ಕೂತು ಕೇಳಿ.

ದಸರೆ ಸಂಜೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತ ಎಲೆ ಕೊಡುವುದು ನಮಗೆಲ್ಲ ಗೊತ್ತು. ಬೀದರ್ ಕಡೆ ಮರಾಠಿ ಮಾತಾಡುವ ಮನೆಗಳಲ್ಲಿ ಆಪ್ಟಾ ಎಲೆ ಕೊಡುತ್ತಾರೆ. ಎಲೆ ಸಾಕು, ಟೊಂಗೆ ಮುರಿಯಬೇಡಿ. ಪ್ರತಿ ದಸರೆಗೂ ಬನ್ನಿ ಮರವನ್ನು ಬೋಳು ಮಾಡಿ ಬರುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಮೊದಲು ನೆರೆಮನೆಯ ಹಿರಿಯರಿಗೆ ಮಕ್ಕಳ ಕೈಯಿಂದ ಕೊಡಿಸಿ, ಕಾಲಿಗೆ ಬೀಳಲಿ. ಫೋನಿನಲ್ಲಿ ಚಿತ್ರ ಕಳಿಸಿದರೆ ಬನ್ನಿ ಕೊಟ್ಟಂತೆ ಆಗುವುದಿಲ್ಲ ಅಲ್ವಾ?

ಹಬ್ಬಕ್ಕೆ ಹೂ ಬೇಕು ಅಂದರೆ ಚೆಂಡು ಹೂವನ್ನು ಈಗ ಬೀಜದಿಂದ ಬೆಳೆಸಲು ಹೊತ್ತಾಗಿದೆ, ಎರಡು ತಿಂಗಳು ಬೇಕು. ಮೊಗ್ಗು ಬಂದ ಸಸಿ ತನ್ನಿ. ಹಬ್ಬ ಮುಗಿದ ಮೇಲೆ ಹಾರದ ಚೆಂಡು ಹೂವನ್ನು ನೆರಳಲ್ಲಿ ಒಣಗಿಸಿ, ಬುಡದ ಕಪ್ಪು ಕಡ್ಡಿಯಂಥ ಬೀಜ ತೆಗೆದಿಡಿ. ಮುಂದಿನ ವರ್ಷಕ್ಕೆ ಆಗುತ್ತದೆ. ಸೇವಂತಿಗೆ ಮೊಗ್ಗು ಹಿಡಿಯುವುದು ರಾತ್ರಿ ಉದ್ದವಾದಾಗ. ಹಾಗಾಗಿ ಬೀದಿ ದೀಪದ ಬೆಳಕು ರಾತ್ರಿಯಿಡೀ ಬೀಳುವ ಕಡೆ ಅದರ ಕುಂಡ ಇಡಬೇಡಿ. ಗಿಡ ಚೆನ್ನಾಗಿದೆ, ಹೂ ಮಾತ್ರ ಇಲ್ಲ ಅನ್ನುವ ಮನೆಗಳಲ್ಲಿ ಸುಮಾರು ಸಲ ಇದೇ ಕಾರಣ.

ಗುಲಾಬಿ ಇದ್ದರೆ ಮಳೆ ಪೂರ್ತಿ ನಿಂತ ಮೇಲೆ, ಅಕ್ಟೋಬರ್ ಮಧ್ಯದಲ್ಲಿ ಸವರಿ. ಹೊರಗೆ ಮುಖ ಮಾಡಿದ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಸುಮಾರು ಒಂದೂವರೆ ತಿಂಗಳಿಗೆ ಹೂ.

ಈ ಹೊತ್ತಿನ ತಿನಿಸು

ಪುಂಡಿ ಪಲ್ಯ ಮಾಡದೆ ಈ ಕಾಲ ದಾಟಬಾರದು. ಎರಡು ದೊಡ್ಡ ಕಟ್ಟು ಪುಂಡಿ ಎಲೆ ಬಿಡಿಸಿ, ತೊಳೆದು, ಸ್ವಲ್ಪ ನೀರಲ್ಲಿ ಕುದಿಸಿ. ಹುಳಿ ಜಾಸ್ತಿ ಅನಿಸಿದರೆ ಆ ನೀರು ಬಸಿಯಿರಿ. ಒಂದು ಹಿಡಿ ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಬೇರೆ ಬೇಯಿಸಿ, ಪುಂಡಿ ಸೇರಿಸಿ ಕಡಗೋಲಿನಿಂದ ಮಸೆಯಿರಿ. ಮೇಲೆ ಕುಸುಬಿ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವಂತೆ ಒಗ್ಗರಣೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಆಗಿಬರುವುದಿಲ್ಲ. ಇವತ್ತು ಮಾಡಿ, ನಾಳೆ ಬಿಸಿ ರೊಟ್ಟಿ ಜೊತೆ ಉಣ್ಣಿ.

ಹೊಸ ಶೇಂಗಾ ಸಂತೆಗೆ ಬಂದಿರುತ್ತದೆ. ಸಿಪ್ಪೆ ಸಮೇತ ಮಣ್ಣು ಹೋಗುವವರೆಗೆ ತೊಳೆದು, ಉಪ್ಪು ಹಾಕಿ ಅರ್ಧ ತಾಸು ಕುದಿಸಿ. ಒಲೆ ಆರಿಸಿದ ಮೇಲೆ ಅದೇ ನೀರಲ್ಲಿ ಇನ್ನರ್ಧ ತಾಸು ಬಿಡಿ. ಉಪ್ಪು ಒಳಗೆ ಇಳಿಯುವುದು ಆಗಲೇ.

ಸೀತಾಫಲ ಕೊಳ್ಳುವಾಗ ಮೈ ಮೇಲಿನ ಕಣ್ಣು ನೋಡಿ. ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗೆ, ಹಳದಿಯಾಗಿ ಬಿಚ್ಚಿಕೊಂಡಿದ್ದರೆ ಕಾಯಿ ಬಲಿತಿದೆ, ಗಟ್ಟಿ ಇದ್ದರೂ ಮನೆಯಲ್ಲಿ ಹಣ್ಣಾಗುತ್ತದೆ. ಜೋಳದ ಚೀಲದಲ್ಲೋ ಹುಲ್ಲಿನಲ್ಲೋ ಮುಚ್ಚಿಟ್ಟರೆ ಎರಡು ಮೂರು ದಿನ. ಹಣ್ಣಾಗುವ ಮುನ್ನ ಫ್ರಿಜ್‌ನಲ್ಲಿ ಇಟ್ಟರೆ ಕಪ್ಪಾಗಿ ಕೆಡುತ್ತದೆ. ಬೀಜ ಒಡೆದು ಆಡಲು ಮಕ್ಕಳನ್ನು ಬಿಡಬೇಡಿ. ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೆ ಅಪಾಯ.

ಶೀಗಿ ಹುಣ್ಣಿಮೆ ರಾತ್ರಿ ಊಟವನ್ನು ಮಾಳಿಗೆಗೆ ಒಯ್ಯಿರಿ. ದಸರೆ ಆದ ಮೇಲೆ ಬರುವ ಹುಣ್ಣಿಮೆ ಇದು. ಬೀದರ್‌ನಲ್ಲಿ ಕೋಜಾಗಿರಿ ಅಂತ ಹಾಲು ಕಾಯಿಸಿ ಕುಡಿಯುತ್ತಾರೆ: ಒಂದು ಲೀಟರ್ ಹಾಲು ಮುಕ್ಕಾಲು ಆಗುವವರೆಗೆ ಕಾಯಿಸಿ, ಸಕ್ಕರೆ, ಏಲಕ್ಕಿ, ಜಜ್ಜಿದ ಬಾದಾಮಿ. ಚುರುಮುರಿ ಸುಸಲಾ ಜೊತೆಗಿರಲಿ. ಮಾಳಿಗೆಯ ದೀಪ ಆರಿಸಿ, ಹಾಡು ಗೊತ್ತಿರುವ ಹಿರಿಯರಿದ್ದರೆ ಹಾಡಿಸಿ. ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಆದರೆ ದಮ್ಮು ಇರುವವರು ಇದ್ದರೆ ಬೇಡ.

ಭಜ್ಜಿಯ ಲೆಕ್ಕ

ಕ್ಯಾಲೆಂಡರಿನಲ್ಲಿ ಎಳ್ಳ ಅಮಾವಾಸ್ಯೆ ಗುರುತು ಹಾಕಿ, ಹಿಂದಕ್ಕೆ ಎಣಿಸಿ. ಮೂಲಂಗಿ ಬೇಕಾದರೆ 45 ದಿನ ಮೊದಲು ಬಿತ್ತಿರಬೇಕು. ಪಾಲಕ್‌ಗೆ 35 ದಿನ. ಕೊನೆಯ ಮೆಂತ್ಯ, ಉಳ್ಳಾಗಡ್ಡಿ ತಪ್ಪಲಿಗೆ ಒಂದು ತಿಂಗಳು. ಹಸಿ ಕಡ್ಲಿ ಕಾಯಿ ಬೇಕು ಅಂದರೆ ಅಕ್ಟೋಬರ್ ಮೊದಲ ವಾರದಲ್ಲೇ ಕಾಳು ಊರಿ. ತೊಗರಿ ಮಾತ್ರ ಸಂತೆಯಿಂದಲೇ ತರಬೇಕು. ಮುಂಗಾರಿನಲ್ಲಿ ಬಿತ್ತಿದ ತೊಗರಿ ಆ ಹೊತ್ತಿಗೆ ಹೊಲದಲ್ಲಿ ಕಾಯಿ ತುಂಬಿಕೊಂಡಿರುತ್ತದೆ, ಹಸಿ ಕಾಯಿ ಧಾರಾಳ ಸಿಗುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಗೊತ್ತಲ್ಲ, ಆ ಬೇಳೆ ಕಾಳಾಗಿ ಬಲಿಯುವ ಮುಂಚಿನ ರುಚಿ ಇದು.

ಅಲ್ಲಿವರೆಗೆ ಮಡಿಯ ಮೇಲೆ ಹೆಸರಿನ ಹೊಟ್ಟು ಅಥವಾ ಒಣ ಹುಲ್ಲು ಹರವಿ. ಮಳೆ ನಿಂತ ಮೇಲೆ ಎರೆ ಮಣ್ಣು ಬೇಗ ಬಿರಿಯುತ್ತದೆ, ಬಿರಿದಾಗ ಬೇರು ಹರಿಯುತ್ತದೆ. ಹೊಟ್ಟು ಇದ್ದರೆ ಹಸಿ ಉಳಿಯುತ್ತದೆ, ನೀರಿನ ಕೆಲಸವೂ ಅರ್ಧ.

ಭಜ್ಜಿಗೆ ಹಿಂದಿನ ರಾತ್ರಿಯೇ ಎಲ್ಲರೂ ಕೂತು ಕಾಳು ಸುಲಿಯಿರಿ: ತೊಗರಿ, ಅವರೆ, ಬಟಾಣಿ, ಹಸಿ ಕಡ್ಲಿ. ಬೆಳಿಗ್ಗೆ ಕಾಳು ಮೊದಲು ಬೇಯಲಿ, ಆಮೇಲೆ ಬದನೆಕಾಯಿ, ಗಜ್ಜರಿ, ಕೊನೆಗೆ ಮೆಂತ್ಯ, ಪಾಲಕ್, ಉಳ್ಳಾಗಡ್ಡಿ ತಪ್ಪಲು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆ ಹುಳಿ ಹಿಂಡಿ. ಕಡ್ಲಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಸುರಿಯಿರಿ. ಸೌಟು ಎತ್ತಿದಾಗ ದಪ್ಪಗೆ ಬೀಳುವಂತಿರಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಂಬಲಿ ಜೊತೆಗೆ ಕಟ್ಟಿಕೊಳ್ಳಿ. ಸ್ವಂತ ಹೊಲ ಇಲ್ಲದಿದ್ದರೆ ಹೊಲ ಇರುವ ನೆಂಟರಿಗೆ ವಾರದ ಮೊದಲೇ ಫೋನ್ ಮಾಡಿ, ಎಷ್ಟು ಜನ ಬರುತ್ತೀರಿ, ನಿಮ್ಮ ಕಡೆಯಿಂದ ಎಷ್ಟು ಭಜ್ಜಿ ತರುತ್ತೀರಿ ಅಂತ ಹೇಳಿಬಿಡಿ.